ವಿರೋಧ ಪಕ್ಷದ ಸಂಸದರಿಗೆ ಮಲೆನಾಡಿನಿಂದ ಒಂದು ಪತ್ರ: ನಮ್ಮ ಪ್ರಶ್ನೆ ಕೇಳಿ

ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಹೋಗಿ, ವಿರೋಧ ಪಕ್ಷದ ಸಾಲಿನಲ್ಲಿ ಕೂರುವ ಮಾನ್ಯ ಸಂಸದರಿಗೆ,

ನಮಸ್ಕಾರ.

ನಾನು ಸಾಗರ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. 2024ರ ಚುನಾವಣೆಯಲ್ಲಿ ನಮ್ಮ ರಾಜ್ಯದ 28 ಕ್ಷೇತ್ರಗಳ ಪೈಕಿ 9ರಲ್ಲಿ ಗೆದ್ದು ದೆಹಲಿಗೆ ಹೋದ ಕಾಂಗ್ರೆಸ್ಸಿನವರು ನೀವು. ನಮ್ಮ ಕ್ಷೇತ್ರದ ಸಂಸದರು ಆಡಳಿತ ಪಕ್ಷದವರು. ಹಾಗಾಗಿ ನಿಮ್ಮಲ್ಲಿ ಯಾರಿಗೂ ನಾನು ಓಟು ಹಾಕಿದವನಲ್ಲ. ಆದರೂ ನಿಮಗೇ ಬರೆಯಬೇಕು ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ.

ಪಾಠ ಮಾಡುತ್ತಿದ್ದ ದಿನಗಳಲ್ಲಿ ಸಂಸತ್ತಿನ ಅಧ್ಯಾಯ ಬಂದಾಗಲೆಲ್ಲ ಯಾರಾದರೊಬ್ಬ ಹುಡುಗನೋ ಹುಡುಗಿಯೋ ಒಂದು ಮಾತು ಕೇಳುತ್ತಿದ್ದರು. “ಸಾರ್, ಸೋತ ಪಕ್ಷದವ್ರು ಅಲ್ಲಿ ಹೋಗಿ ಏನ್ ಮಾಡ್ತಾರೆ?” ಪ್ರಶ್ನೆ ಕೇಳುತ್ತಾರೆ, ಚರ್ಚೆ ಮಾಡುತ್ತಾರೆ ಅನ್ನುತ್ತಿದ್ದೆ. “ಕೇಳಿದ್ರೆ ಏನಾಗುತ್ತೆ ಸಾರ್? ಓಟು ಅವ್ರದ್ದೇ ಜಾಸ್ತಿ ಇರುತ್ತಲ್ಲ?” ಆ ಮಕ್ಕಳಿಗೆ ಒಂದು ಪೀರಿಯಡ್ಡಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ಆ ಉತ್ತರ ಮಕ್ಕಳಿಗಿಂತ ನಿಮಗೇ ಜಾಸ್ತಿ ಬೇಕಾಗಿದೆ.

1963ರ ಲೋಕಸಭೆಯಿಂದ ಶುರು ಮಾಡುತ್ತೇನೆ. ಆ ವರ್ಷ ಉಪ ಚುನಾವಣೆಯಲ್ಲಿ ಫರೂಕಾಬಾದಿನಿಂದ ಗೆದ್ದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸದನಕ್ಕೆ ಬಂದರು. ಹಿಂದಿನ ವರ್ಷವಷ್ಟೇ ಫೂಲ್ಪುರದಲ್ಲಿ ನೆಹರೂ ಎದುರು ನಿಂತು ಸೋತಿದ್ದರು. ಆಗಸ್ಟ್ ತಿಂಗಳಲ್ಲಿ ಆಚಾರ್ಯ ಕೃಪಲಾನಿ ನೆಹರೂ ಸರ್ಕಾರದ ವಿರುದ್ಧ ಅವಿಶ್ವಾಸ ಗೊತ್ತುವಳಿ ಮಂಡಿಸಿದರು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. ನಾಲ್ಕು ದಿನ ಚರ್ಚೆ ನಡೆಯಿತು. ಗೊತ್ತುವಳಿಯ ಪರ 62 ಮತ, ವಿರುದ್ಧ 347. ಗೆಲ್ಲುವುದಿಲ್ಲ ಅಂತ ಸದನದಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಆದರೆ ಆ ಚರ್ಚೆಯಲ್ಲಿ ಲೋಹಿಯಾ ಒಂದು ಲೆಕ್ಕ ಇಟ್ಟರು. ದೇಶದ 27 ಕೋಟಿ ಜನ, ಅಂದರೆ ನೂರಕ್ಕೆ ಅರುವತ್ತು ಮಂದಿ, ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಅಂದರು. ಈಗಿನ ಮಕ್ಕಳಿಗೆ ಆಣೆ ಗೊತ್ತಿಲ್ಲ. ಹದಿನಾರು ಆಣೆ ಸೇರಿದರೆ ಒಂದು ರೂಪಾಯಿ. ಮೂರು ಆಣೆ ಅಂದರೆ ಹತ್ತೊಂಬತ್ತು ಪೈಸೆಗೂ ಸ್ವಲ್ಪ ಕಡಿಮೆ. ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತದೆ ಎಂಬ ವಾದವನ್ನೂ ಅವರು ಅದರ ಪಕ್ಕದಲ್ಲಿ ಇಟ್ಟರು. ನೆಹರೂ ಒಪ್ಪಲಿಲ್ಲ. ಯೋಜನಾ ಆಯೋಗದ ಲೆಕ್ಕದಂತೆ ಅದು ಹದಿನೈದು ಆಣೆ ಅಂದರು.

ಲೋಹಿಯಾ ಅಲ್ಲಿಗೆ ಬಿಡಲಿಲ್ಲ. ಹದಿನೈದು ಆಣೆ ಎಂಬುದು ಸರಾಸರಿ, ಅದರೊಳಗೆ ಗಿರಣಿ ಮಾಲೀಕನ ಆದಾಯವೂ ಇದೆ, ಕೂಲಿಯವನದ್ದೂ ಇದೆ, ತಾನು ಮಾತಾಡುತ್ತಿರುವುದು ಕೆಳಗಿನ ನೂರಕ್ಕೆ ಅರುವತ್ತು ಜನರ ಬಗ್ಗೆ ಎಂದು ವಾದಿಸಿದರು. ಈ ಒಂದು ಲೆಕ್ಕದ ಮೇಲೆಯೇ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಬೇರೆ ಚರ್ಚೆ ನಡೆಯಿತು. ಯೋಜನಾ ಮಂತ್ರಿ ಗುಲ್ಜಾರಿಲಾಲ್ ನಂದಾ ಅವರು ಕೆಳಗಿನ ಅರುವತ್ತರ ಪಾಲಿಗೆ ಏಳೂವರೆ ಆಣೆ ಎಂದು ಹೇಳಬೇಕಾಯಿತು. ನೋಡಿ, ಸರ್ಕಾರದ ಬಾಯಲ್ಲೇ ಹದಿನೈದು ಆಣೆ ಏಳೂವರೆಗೆ ಇಳಿಯಿತು. ಮೂರೋ ಏಳೂವರೆಯೋ ಅನ್ನುವ ಜಗಳ ಹಾಗಿರಲಿ. ಬಡವನ ದಿನದ ಗಳಿಕೆ ಎಷ್ಟು ಅಂತ ದೇಶದ ಅತಿ ದೊಡ್ಡ ಸದನ ಕೂತು ಲೆಕ್ಕ ಹಾಕಿತು. ಹಾಕಿಸಿದ್ದು ಆಗ ತಾನೇ ಬಂದಿದ್ದ ಒಬ್ಬ ಸದಸ್ಯ. ಅವರ ಹಿಂದೆ ಬಹುಮತವಿರಲಿಲ್ಲ, ಅಧಿಕಾರಿಗಳ ಪಡೆ ಇರಲಿಲ್ಲ. ಅಂಕಿ ಇತ್ತು, ಹಟ ಇತ್ತು, ಎದುರಿನವರ ಉತ್ತರವನ್ನು ಕೂತು ಕೇಳುವ ತಾಳ್ಮೆಯೂ ಇತ್ತು. ಉತ್ತರ ಕೇಳಿಸಿಕೊಳ್ಳದೆ ಹೊರಗೆ ನಡೆದಿದ್ದರೆ ಆ ಸರಾಸರಿಯ ತಪ್ಪನ್ನು ಅವರು ಹಿಡಿಯುವುದಾದರೂ ಹೇಗೆ?

ಲೋಹಿಯಾ ನಮಗೆ ಹೊರಗಿನವರಲ್ಲ. ಅದಕ್ಕೇ ಅವರ ಮಾತು ಎತ್ತಿದೆ. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಕೊಳಗದ ಅಳತೆಗಾಗಿ ಎದ್ದು ನಿಂತರು. ಗೇಣಿ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದದ್ದಕ್ಕೆ ರೈತರು ಜೈಲು ಕಂಡರು. ಆ ಜೂನ್ ತಿಂಗಳಲ್ಲಿ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೂ ಒಳಗಾದರು. ಕೊಳಗದ ಅಳತೆ ಕೇಳಿದ ಊರಿಗೆ ಬಂದು ಹೋದವರು ಹನ್ನೆರಡು ವರ್ಷದ ಮೇಲೆ ದೆಹಲಿಯಲ್ಲಿ ಆಣೆಯ ಅಳತೆ ಕೇಳಿದರು. ನನಗಂತೂ ಎರಡೂ ಒಂದೇ ಪ್ರಶ್ನೆಯ ಹಾಗೆ ಕೇಳಿಸುತ್ತದೆ.

ಕಾಗೋಡಿನ ಮರುವರ್ಷವೇ, 1952ರಲ್ಲಿ, ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ವಿಧಾನಸಭೆಗೆ ಹೋದರು. ಆಮೇಲೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ. ಮೂರು ಸಲವೂ ವಿರೋಧ ಪಕ್ಷದಲ್ಲೇ. ಅವರು ಮಂತ್ರಿಯಾಗಲಿಲ್ಲ. ಗೇಣಿದಾರನ ಮಾತನ್ನು ಸದನದಲ್ಲಿ ಮತ್ತೆ ಮತ್ತೆ ಆಡಿದರು. 1972ರ ಜೂನಿನಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಗೇಣಿ ಪದ್ಧತಿಯನ್ನು ತೆಗೆದುಹಾಕಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ, ದೇವರಾಜ ಅರಸರ ಕಾಲದಲ್ಲಿ. ಗೌಡರು ಅದನ್ನು ಕಣ್ಣಾರೆ ನೋಡಲಿಲ್ಲ. ಕಾನೂನಿನ ಮೇಲೆ ಅರಸರ ಸರ್ಕಾರದ ಹೆಸರಿದೆ, ಇರಬೇಕಾದ್ದೇ. ಆದರೆ ನಮ್ಮ ಕಡೆಯ ಗೇಣಿದಾರರ ಮನೆಗಳಲ್ಲಿ ಜಮೀನಿನ ಮಾತು ಬಂದಾಗ ಗೋಪಾಲಗೌಡರ ಹೆಸರು ಇವತ್ತಿಗೂ ಬರುತ್ತದೆ.

1967ರಲ್ಲಿ ನಮ್ಮ ಶಿವಮೊಗ್ಗದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಸಂಸದರಾಗಿ ಹೋದವರು ಜೆ.ಎಚ್. ಪಟೇಲರು. ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಅಲ್ಲಿಯವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ಆಗ ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿ ಅವಕಾಶ ಕೊಟ್ಟರು. ಸಂವಿಧಾನದ 120ನೇ ವಿಧಿಯಲ್ಲಿ ಆ ದಾರಿ ಮೊದಲಿಂದಲೂ ಇತ್ತು, ನಡೆದು ತೋರಿಸುವವರು ಬೇಕಿತ್ತು ಅಷ್ಟೇ. ಈಗ ನೀವು ಕನ್ನಡದಲ್ಲಿ ಮಾತಾಡಿದರೆ ಕೂಡಲೇ ಅನುವಾದ ಮಾಡಿ ಬೇರೆಯವರ ಕಿವಿಗೆ ಮುಟ್ಟಿಸುವ ಏರ್ಪಾಡು ಸದನದಲ್ಲೇ ಇದೆ. ದಯವಿಟ್ಟು ಅದನ್ನು ಬಳಸಿ. ವರ್ಷಕ್ಕೊಮ್ಮೆ ನವೆಂಬರ್ ಹತ್ತಿರ ಬಂದಾಗ ಮಾತ್ರ ಅಲ್ಲ. ಅಡಿಕೆ ಬೆಳೆಗಾರನ ಕಷ್ಟವನ್ನು ಅವನದೇ ಮಾತಿನಲ್ಲಿ ಹೇಳಿದಾಗ ನಿಮ್ಮ ದನಿಯೇ ಬೇರೆಯಾಗಿರುತ್ತದೆ, ನೋಡುತ್ತಿರುವ ನಮಗೂ ನೀವು ನಮ್ಮವರು ಅನ್ನಿಸುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಸಲಕರಣೆಯ ಮಾತು. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಓದುವ ಜನರಿಗೂ ಗೊತ್ತಾಗಲಿ ಅಂತ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12 ಪ್ರಶ್ನೋತ್ತರ ವೇಳೆ. ಹದಿನೈದು ದಿನ ಮೊದಲು ಪ್ರಶ್ನೆ ಬರೆದು ಕೊಡಬೇಕು. ಚೀಟಿ ಎತ್ತಿದ ಹಾಗೆ ಆಯ್ಕೆ ಆಗುತ್ತದೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಇವುಗಳಲ್ಲಿ ಸರದಿ ಬಂದವಕ್ಕೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳಬೇಕು, ಉಪಪ್ರಶ್ನೆಗೂ ಸಿಗಬೇಕು. ಇನ್ನು 230 ಚುಕ್ಕೆ ರಹಿತ ಪ್ರಶ್ನೆಗಳಿಗೆ ಉತ್ತರ ಬರಹದಲ್ಲಿ ಬರುತ್ತದೆ. ಆಡಳಿತ ಪಕ್ಷದ ಸದಸ್ಯರಿಗೂ ಇದೇ ನಿಯಮ, ನಿಮಗೂ ಇದೇ. ಚೀಟಿಗೆ ಪಕ್ಷ ಗೊತ್ತಾಗುವುದಿಲ್ಲ. ಸದನದಲ್ಲಿ ನಿಮ್ಮನ್ನೂ ಅವರನ್ನೂ ಸಮವಾಗಿ ನೋಡುವ ಜಾಗ ಇದಕ್ಕಿಂತ ಬೇರೆ ಇಲ್ಲ.

ಆ ಬರಹದ ಉತ್ತರ ಏನು ಮಾಡಬಲ್ಲದು ಅನ್ನುವುದನ್ನು ನಾನೇ ನೋಡಿದ್ದೇನೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಶುರುವಾದಾಗ ನಮ್ಮ ಊರಿನ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತುತ್ತಿದ್ದರು. ಮಳೆಗಾಲ. ಕೊಡೆ ಹಿಡಿದು ಅಪ್ಪನೋ ಅಮ್ಮನೋ ಪಕ್ಕದಲ್ಲಿ ನಿಲ್ಲಬೇಕು. ಟವರ್ ಬೇಕು ಅಂತ ನಾವು ಒಂದು ಕಚೇರಿಗೆ ಅರ್ಜಿ ಮೇಲೆ ಅರ್ಜಿ ಕೊಟ್ಟೆವು. ನಿಮ್ಮ ಭಾಗಕ್ಕೆ ಯಾವುದೂ ಮಂಜೂರಾಗಿಲ್ಲ ಅನ್ನುತ್ತಿದ್ದರು. ಒಂದು ದಿನ ನನ್ನ ಹಳೇ ವಿದ್ಯಾರ್ಥಿಯೊಬ್ಬ ಲೋಕಸಭೆಯ ಒಂದು ಬರಹದ ಉತ್ತರ ಹುಡುಕಿ ಕಳಿಸಿದ. ಕೇಳಿದವರು ಬೇರೆ ರಾಜ್ಯದ, ವಿರೋಧ ಪಕ್ಷದ ಸಂಸದರು. ನಮ್ಮ ಊರಿನ ಹೆಸರು ಅವರು ಕೇಳಿಯೂ ಇರಲಿಕ್ಕಿಲ್ಲ. ಆದರೆ ಉತ್ತರದ ಜೊತೆಗಿದ್ದ ಪಟ್ಟಿಯಲ್ಲಿ ಜಿಲ್ಲೆಗೆ ಎಷ್ಟು ಟವರ್ ಮಂಜೂರು, ಎಷ್ಟು ಮುಗಿದಿದೆ ಅಂತ ಇತ್ತು. ಅದನ್ನು ಪ್ರಿಂಟ್ ತೆಗೆಸಿ, ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದೆವು. ಈ ಸಲ ಅದೇ ಟೇಬಲ್ಲಿನವರು ಕುರ್ಚಿ ತೋರಿಸಿದರು. ಕಡತ ತೆಗೆದರು. ಟವರ್ ಬರಲು ಮತ್ತೂ ವರ್ಷದ ಮೇಲಾಯಿತು. ಆದರೆ ಬಂತು. ಆ ಸಂಸದರಿಗೆ ಒಂದು ಧನ್ಯವಾದ ಹೇಳುವ ಋಣ ನನ್ನ ಮೇಲೆ ಇನ್ನೂ ಹಾಗೇ ಇದೆ.

ಉತ್ತರ ಸಿಗದಿದ್ದರೂ ಪ್ರಶ್ನೆ ಕೆಲಸ ಮಾಡುತ್ತದೆ. 2020ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಕೊರೊನಾ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಬರಹದ ಉತ್ತರ ಮಾತ್ರ ಉಳಿಯಿತು. ಲಾಕ್‌ಡೌನಿನಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಎಂದು ಸಂಸದರು ಕೇಳಿದ್ದರು. ಅಂಥ ಅಂಕಿ-ಅಂಶ ಇಲ್ಲ ಎಂದು ಕಾರ್ಮಿಕ ಇಲಾಖೆ ಬರೆದು ಕೊಟ್ಟಿತು. ಲೆಕ್ಕವನ್ನೇ ಇಟ್ಟಿಲ್ಲ ಎಂಬುದು ದೇಶಕ್ಕೆ ಗೊತ್ತಾದದ್ದು ಆ ಪ್ರಶ್ನೆಯಿಂದ.

2021ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿನ ಕೆ.ಸಿ. ವೇಣುಗೋಪಾಲ್ ಕೇಳಿದ ಪ್ರಶ್ನೆ ನಿಮಗೆ ನೆನಪಿರಬೇಕು. ಎರಡನೇ ಅಲೆಯಲ್ಲಿ ಆಮ್ಲಜನಕ ಸಿಗದೆ ಎಷ್ಟು ಜನ ಸತ್ತರು ಎಂಬ ವಿಷಯ. ಆಮ್ಲಜನಕದ ಕೊರತೆಯಿಂದ ಆದ ಸಾವು ಎಂದು ನಿರ್ದಿಷ್ಟವಾಗಿ ಯಾವ ರಾಜ್ಯವೂ ವರದಿ ಮಾಡಿಲ್ಲ ಎಂದು ಉತ್ತರ ಬಂತು. ಆ ಉತ್ತರ ಓದಿದಾಗ ನಮಗೆಲ್ಲ ನೆನಪಾದದ್ದು ಚಾಮರಾಜನಗರ. ಅದೇ ಮೇ ತಿಂಗಳ ಎರಡನೇ ತಾರೀಕು ರಾತ್ರಿಯಿಂದ ಬೆಳಗಾಗುವಷ್ಟರಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ತೀರಿಕೊಂಡ ಸುದ್ದಿ ಬಂದಿತ್ತು. ಹೈಕೋರ್ಟ್ ನೇಮಿಸಿದ ಸಮಿತಿಯೇ ಆಮ್ಲಜನಕದ ಕೊರತೆಯ ಕಡೆ ಬೊಟ್ಟು ಮಾಡಿತ್ತು. ಆದರೂ ಆ ಮನೆಗಳ ದುಃಖ ಸಂಸತ್ತಿಗೆ ಕೊಟ್ಟ ಆ ಉತ್ತರದಲ್ಲಿ ಸೇರಿರಲಿಲ್ಲ. ಒಂದು ಪ್ರಶ್ನೆ ಆ ಖಾಲಿ ಜಾಗವನ್ನು ತೋರಿಸಿಕೊಟ್ಟಿತು. ತಮ್ಮವರನ್ನು ಕಳೆದುಕೊಂಡವರಿಗೆ ಅದು ಸಾಕಾಗುವುದಿಲ್ಲ, ಗೊತ್ತು. ಆದರೆ ಆ ಪ್ರಶ್ನೆಯೂ ಇಲ್ಲದಿದ್ದರೆ ಸಂಸತ್ತಿನ ಕಾಗದದಲ್ಲಿ ಈ ವಿಷಯದ ಗುರುತೇ ಇರುತ್ತಿರಲಿಲ್ಲ.

ಮಸೂದೆ ತರುವ ಹಕ್ಕೂ ನಿಮಗಿದೆ. ಖಾಸಗಿ ಸದಸ್ಯರ ಮಸೂದೆ ಕಾನೂನಾಗಿ ಐವತ್ತು ವರ್ಷದ ಮೇಲಾಯಿತು, ಕೊನೆಯದು 1970ರಲ್ಲಿ. ಹಾಗಂತ ವ್ಯರ್ಥ ಅಂದುಕೊಳ್ಳಬೇಡಿ. ಡಿಎಂಕೆಯ ತಿರುಚ್ಚಿ ಶಿವಾ ವಿರೋಧ ಪಕ್ಷದಲ್ಲಿ ಕೂತೇ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ತಂದರು. 2015ರ ಏಪ್ರಿಲ್‌ನಲ್ಲಿ ರಾಜ್ಯಸಭೆ ಅದನ್ನು ಒಪ್ಪಿತು. ಲೋಕಸಭೆಯಲ್ಲಿ ಮುಂದೆ ಹೋಗಲಿಲ್ಲ. ಆದರೆ ಸರ್ಕಾರ ತನ್ನದೇ ಮಸೂದೆ ತರಬೇಕಾಯಿತು, 2019ರಲ್ಲಿ ಕಾನೂನಾಯಿತು. ಆ ಕಾನೂನಿನ ಬಗ್ಗೆ ಆ ಸಮುದಾಯದವರಿಗೇ ತಕರಾರುಗಳಿವೆ. ಅದು ಬೇರೆ ಪತ್ರದ ವಿಷಯ.

ಇಷ್ಟೆಲ್ಲ ಕೈಯಲ್ಲಿದ್ದೂ ಟಿವಿಯಲ್ಲಿ ನಮಗೆ ಕಾಣುವುದು ಏನು? ಫಲಕ ಹಿಡಿದು ಸದನದ ಬಾವಿಗಿಳಿದವರು. ಬೆಳಿಗ್ಗೆ 11ಕ್ಕೆ ಶುರು, 11 ಗಂಟೆ 5 ನಿಮಿಷಕ್ಕೆ ಮುಂದೂಡಿಕೆ. ನಿಮ್ಮ ಸಿಟ್ಟಿಗೆ ಕಾರಣ ಇರುತ್ತದೆ ಅಂತ ನನಗೆ ಗೊತ್ತು. ಚರ್ಚೆ ಕೇಳಿದರೆ ಕೊಡುವುದಿಲ್ಲ, ಮಂತ್ರಿ ಬಂದು ಹೇಳಿಕೆ ಕೊಡುವುದಿಲ್ಲ, ಆಗ ಇನ್ನೇನು ಮಾಡೋಣ ಅನ್ನುತ್ತೀರಿ. ಗೋಪಾಲಗೌಡರೂ ಸದನದಲ್ಲಿ ಸಿಟ್ಟಿಗೇಳುತ್ತಿದ್ದವರೇ. ಆದರೆ ಸದನದ ನಡಾವಳಿಯ ಪುಟ ತೆಗೆದು ನೋಡಿ. ನೀವು ಗಂಟಲು ಹರಿದುಕೊಂಡು ಕೂಗಿದ ಕಡೆ ಕಂಸದೊಳಗೆ ‘ಅಡಚಣೆ’ ಅನ್ನುವ ಅರ್ಥದ ಒಂದೇ ಪದ ಇರುತ್ತದೆ. ಯಾರು ಕೂಗಿದರು, ಯಾವ ಊರಿನ ಸಂಕಟಕ್ಕೆ ಕೂಗಿದರು, ಏನೂ ಇರುವುದಿಲ್ಲ. ಅದೇ ನೀವು ಕೇಳಿದ ಪ್ರಶ್ನೆಗೆ ನಂಬರ್ ಇರುತ್ತದೆ, ತಾರೀಕು ಇರುತ್ತದೆ, ನಿಮ್ಮ ಹೆಸರು ಇರುತ್ತದೆ. ಎದುರಿಗೆ ಸರ್ಕಾರದ ಉತ್ತರ ಇರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಯಾರೋ ಒಬ್ಬ ಹುಡುಗಿ ಅದನ್ನು ಹುಡುಕಿ ತೆಗೆಯಬಹುದು.

ಇನ್ನೊಂದು ಮಾತು ಸಭಾಧ್ಯಕ್ಷರ ಪೀಠದಲ್ಲಿ ಕೂತವರಿಗೆ, ಎರಡೂ ಕಡೆಯವರಿಗೆ. 2023ರ ಡಿಸೆಂಬರ್ 13ರಂದು ಲೋಕಸಭೆಯೊಳಗೆ ಹೊರಗಿನವರು ಜಿಗಿದರು. ಗೃಹ ಮಂತ್ರಿ ಬಂದು ಹೇಳಿಕೆ ಕೊಡಲಿ ಎಂದು ವಿರೋಧ ಪಕ್ಷಗಳು ಹಟ ಹಿಡಿದವು. ಆ ಅಧಿವೇಶನ ಮುಗಿಯುವಷ್ಟರಲ್ಲಿ ಎರಡೂ ಸದನ ಸೇರಿ 146 ಸದಸ್ಯರ ಅಮಾನತು ಆಗಿತ್ತು. ಕರ್ನಾಟಕದಿಂದ ಆಗ ಇದ್ದ ಒಬ್ಬರೇ ಕಾಂಗ್ರೆಸ್ ಲೋಕಸಭಾ ಸದಸ್ಯ ಡಿ.ಕೆ. ಸುರೇಶ್ ಕೂಡ ಅದರಲ್ಲಿದ್ದರು. ದೇಶದ ಅಪರಾಧ ಕಾನೂನುಗಳನ್ನು ಬದಲಿಸಿದ ಮೂರು ಮಸೂದೆಗಳು ಅದೇ ವಾರ ಪಾಸಾದವು. ಈಗ ನಮ್ಮ ಮೇಲೆ, ನಮ್ಮ ಮಕ್ಕಳ ಮೇಲೆ ಜಾರಿಯಲ್ಲಿರುವ ಕಾನೂನು. ಅದನ್ನು ಪ್ರಶ್ನಿಸಬೇಕಾದವರು ಗೇಟಿನ ಹೊರಗಿದ್ದರು. ಇದು ಯಾರಿಗೂ ಒಳ್ಳೆಯದಲ್ಲ.

ನಿಮ್ಮ ಪಕ್ಷಕ್ಕೂ ಇದನ್ನೇ ಹೇಳಬೇಕು. ದೆಹಲಿಯಲ್ಲಿ ವಿರೋಧ ಪಕ್ಷವಾಗಿರುವ ನೀವು ಬೆಂಗಳೂರಿನಲ್ಲಿ ಆಡಳಿತ ಪಕ್ಷ. 2025ರ ಮಾರ್ಚಿನಲ್ಲಿ ನಮ್ಮ ವಿಧಾನಸಭೆಯಲ್ಲಿ ಬಿಜೆಪಿಯ 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿದರು. ಅವರ ವರ್ತನೆ ಸರಿಯಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆರು ತಿಂಗಳು ಅಂದರೆ 18 ಕ್ಷೇತ್ರಗಳ ಜನರ ಪ್ರಶ್ನೆ ಆರು ತಿಂಗಳು ನಿಂತ ಹಾಗೆ ಅಲ್ವಾ? ಮೇ ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆದದ್ದು ಒಳ್ಳೆಯದಾಯಿತು. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂದು 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿದೆ. ಯಾವ ಪಕ್ಷದ ಸರ್ಕಾರ ಬಂದರೂ ಆ ಲೆಕ್ಕ ಮುಟ್ಟುವುದು ಅಪರೂಪ. ದೆಹಲಿಯಲ್ಲಿ ನೀವು ಯಾವ ನ್ಯಾಯ ಕೇಳುತ್ತೀರೋ ಅದನ್ನು ಇಲ್ಲಿ ನಿಮ್ಮವರಿಂದ ಕೊಡಿಸಿ. ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರಶ್ನೆ ಬರೆಯುವ ಮೊದಲು ಊರಿನವರನ್ನು ಕೇಳಿ. ಆಶಾ ಕಾರ್ಯಕರ್ತೆಗೆ, ಸೊಸೈಟಿ ಗುಮಾಸ್ತರಿಗೆ, ಬಸ್ ಕಂಡಕ್ಟರಿಗೆ ಯಾವ ಅಂಕಿ ಕೇಳಬೇಕು ಅನ್ನುವುದು ನಿಮ್ಮ ಆಪ್ತ ಸಹಾಯಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಉತ್ತರ ಬಂದ ಮೇಲೆ ಅದನ್ನು ಕನ್ನಡಕ್ಕೆ ಮಾಡಿಸಿ ನಿಮ್ಮ ಪುಟದಲ್ಲಿ ಹಾಕಿ, ಪಂಚಾಯಿತಿಗಳಿಗೂ ಕಳಿಸಿ. ಸುಮ್ನೆ ಅರ್ಧ ನಿಮಿಷದ ಭಾಷಣದ ತುಣುಕು ಹಾಕಿದರೆ ನಮಗೆ ಉಪಯೋಗವಿಲ್ಲ. ಆ ಪಟ್ಟಿ ಬೇಕು ನಮಗೆ. ಮಂತ್ರಿಗಳು ‘ಪರಿಶೀಲಿಸುತ್ತೇವೆ’ ಅಂದರೆ ಅದು ಭರವಸೆಯ ಲೆಕ್ಕಕ್ಕೆ ಸೇರಿತೋ ನೋಡಿ. ಸೇರಿದ್ದರೆ ಮೂರು ತಿಂಗಳಲ್ಲಿ ಈಡೇರಿಸಬೇಕು ಎಂಬ ನಿಯಮವಿದೆ, ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿಯೂ ಇದೆ. ಮೂರು ತಿಂಗಳಾದ ಮೇಲೆ ಮತ್ತೆ ಕೇಳಿ. ನಾಚಿಕೊಳ್ಳಬೇಡಿ. ನಾವು ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯುತ್ತೇವೆ, ಗೊತ್ತಲ್ಲ?

ಪ್ರಶ್ನೆ 150 ಪದ ಮೀರಬಾರದು ಅಂತ ನಿಯಮ. ಹಾಗೇ ಚಿಕ್ಕದಾಗಿ ಮೂರು ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಒಬ್ಬರು ತೆಗೆದುಕೊಳ್ಳಿ, ತಿದ್ದಿಕೊಳ್ಳಿ, ನಿಮ್ಮ ಹೆಸರಿನಲ್ಲೇ ಕೇಳಿ.

ಆರೋಗ್ಯ ಮಂತ್ರಿಗಳಿಗೆ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು ನಿಲ್ಲಿಸಿದ ಮೇಲೆ ಹೊಸ ಲಸಿಕೆಯ ಕೆಲಸ ಎಲ್ಲಿಗೆ ಬಂದಿದೆ, ಇದುವರೆಗೆ ಎಷ್ಟು ಹಣ ಕೊಟ್ಟಿದ್ದೀರಿ, ಮಲೆನಾಡಿನ ಜನರಿಗೆ ಅದು ಯಾವ ವರ್ಷ ಸಿಗುತ್ತದೆ?

ಪರಿಸರ ಮಂತ್ರಿಗಳಿಗೆ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳಿಂದ ಎದ್ದು ಬಂದ ಶರಾವತಿ ಸಂತ್ರಸ್ತರ ಜಮೀನಿನ ವಿಷಯದಲ್ಲಿ ಕೇಂದ್ರದ ಮುಂದೆ ಎಷ್ಟು ಪ್ರಸ್ತಾವಗಳಿವೆ, ಯಾವ ತಾರೀಕಿನಿಂದ ಇವೆ, ಯಾವ ಹಂತದಲ್ಲಿ ನಿಂತಿವೆ?

ಕೃಷಿ ಮಂತ್ರಿಗಳಿಗೆ: ಅಡಿಕೆಯ ಎಲೆಚುಕ್ಕೆ ರೋಗದಿಂದ ಕರ್ನಾಟಕದಲ್ಲಿ ಹಾಳಾದ ತೋಟ ಎಷ್ಟು ಹೆಕ್ಟೇರ್, ಸಂಶೋಧನೆಗೆ ಕೊಟ್ಟ ಹಣ ಎಷ್ಟು, ಬೆಳೆಗಾರರ ಕೈಗೆ ಮುಟ್ಟಿದ ಪರಿಹಾರ ಎಷ್ಟು?

ಇಂತಿ ನಮಸ್ಕಾರಗಳೊಂದಿಗೆ,

ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ